ಲೇಸರ್‌ನಿಂದ ಹಚ್ಚೆ ಅಳಿಸುವುದು ಹೇಗೆ: ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ಮೀರಾ ರೋಡ್ ಇರಲಿ, ಸ್ಟೇಷನ್ನಿನಿಂದ ಹೊರಬಿದ್ದರೆ ಹಚ್ಚೆ ಹಾಕುವ ಅಂಗಡಿಯ ಫಲಕದಷ್ಟೇ ಸುಲಭವಾಗಿ ಹಚ್ಚೆ ತೆಗೆಯುವ ಕ್ಲಿನಿಕ್ಕಿನ ಫಲಕವೂ ಕಣ್ಣಿಗೆ ಬೀಳುವ ಕಾಲವಿದು. ನೋವಿಲ್ಲ, ಕಲೆ ಉಳಿಯುವುದಿಲ್ಲ, ಮೂರೇ ಸಿಟ್ಟಿಂಗಿನಲ್ಲಿ ಮಾಯ ಎಂಬ ಮೂರು ಭರವಸೆಗಳನ್ನು ಇಂಥ ಜಾಹೀರಾತುಗಳಲ್ಲಿ ಒಟ್ಟಿಗೇ ಕಾಣಬಹುದು. ಮೂರನ್ನೂ ಒಟ್ಟಿಗೆ ಈಡೇರಿಸುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ. ಅರೆಸೇನಾ ಪಡೆಯ ನೇಮಕಾತಿಗೆ ತಯಾರಾಗುತ್ತಿರುವ ಹುಡುಗ, ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಗೋವಾಕ್ಕೆ ಹೋಗಿ ಹಾಕಿಸಿಕೊಂಡ ಚಿತ್ರ ಈಗ ಬೇಡವೆನಿಸಿದ ಗೃಹಿಣಿ, ಬಾಲ್ಯದಲ್ಲಿ ಊರಿನ ಜಾತ್ರೆಯಲ್ಲಿ ಮುಂಗೈಗೆ ಹಚ್ಚೆ ಚುಚ್ಚಿಸಿಕೊಂಡು ಇಲ್ಲಿಗೆ ಬಂದು ನೆಲೆಸಿದ ವಿಜಯಪುರದ ಕಡೆಯ ಹಿರಿಯಮ್ಮ, ಹೀಗೆ ಈ ಚಿಕಿತ್ಸೆಯ ಬಗ್ಗೆ ವಿಚಾರಿಸುವವರು ಬಗೆಬಗೆಯವರು. ಇವರೆಲ್ಲರೂ ದುಡ್ಡು ಕಟ್ಟುವ ಮೊದಲು ಅರ್ಥಮಾಡಿಕೊಳ್ಳಬೇಕಾದ ಸಂಗತಿ ಒಂದೇ: ಲೇಸರ್ ಶಾಯಿಯನ್ನು ಒಡೆಯುತ್ತದೆ, ಹೊರಗೆ ಸಾಗಿಸುವುದಿಲ್ಲ. ಸಾಗಿಸುವ ಕೆಲಸ ನಿಮ್ಮ ದೇಹದ್ದು, ಮತ್ತು ದೇಹದ ಆ ವೇಗವನ್ನು ಹಣ ಕೊಟ್ಟು ಹೆಚ್ಚಿಸಲು ಬರುವುದಿಲ್ಲ. ಮುಂದೆ ಹೇಳಿರುವ ಹೆಜ್ಜೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹೊರಟಿವೆ.

ಶಾಯಿ ಎಲ್ಲಿರುತ್ತದೆ, ಬೆಳಕು ಏನು ಮಾಡುತ್ತದೆ

ನಮ್ಮ ಮೇಲ್ಚರ್ಮ ಕೆಲವು ವಾರಗಳಿಗೊಮ್ಮೆ ಉದುರಿ ಹೊಸದಾಗುತ್ತಲೇ ಇರುತ್ತದೆ. ಹಚ್ಚೆಯ ಸೂಜಿ ಆ ಪದರವನ್ನು ದಾಟಿ, ಅದರ ಕೆಳಗಿನ ಒಳಚರ್ಮದಲ್ಲಿ ಶಾಯಿಯನ್ನು ಇಳಿಸುವುದರಿಂದಲೇ ಚಿತ್ರ ದಶಕಗಟ್ಟಲೆ ಉಳಿಯುತ್ತದೆ. ಹೊರಗಿನ ವಸ್ತು ಒಳಗೆ ಬಂದಿತೆಂದು ದೇಹವು ತಕ್ಷಣವೇ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳನ್ನು ಕಳುಹಿಸುತ್ತದೆ. ಅವು ಶಾಯಿಯ ಕಣಗಳನ್ನು ನುಂಗುತ್ತವೆಯಾದರೂ ಕಣಗಳ ಗಾತ್ರ ದೊಡ್ಡದಾಗಿರುವುದರಿಂದ ಅರಗಿಸಿಕೊಳ್ಳಲಾರದೆ, ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಯೇ ಕೂರುತ್ತವೆ. ಆ ಕೋಶ ಸತ್ತರೆ ಶಾಯಿ ಹೊರಚೆಲ್ಲುತ್ತದೆ, ಪಕ್ಕದಲ್ಲಿ ಹೊಸದಾಗಿ ಬಂದ ಕೋಶ ಅದನ್ನು ಮತ್ತೆ ನುಂಗುತ್ತದೆ. ಫ್ರಾನ್ಸಿನ ಮಾರ್ಸೇಲ್ ನಗರದ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಈ ಕೈಬದಲಾವಣೆಯನ್ನು ಸ್ಪಷ್ಟವಾಗಿ ತೋರಿಸಿದರು. ಹಚ್ಚೆ ಅಚಲವಾಗಿ ಕುಳಿತಂತೆ ಕಂಡರೂ ಅದನ್ನು ಹಿಡಿದಿರುವ ಕೋಶಗಳು ಬದಲಾಗುತ್ತಲೇ ಇರುತ್ತವೆ ಎಂದಾಯಿತು.

ಈ ಕಣಗಳನ್ನು ಸುತ್ತಲಿನ ಚರ್ಮಕ್ಕೆ ಹಾನಿಯಾಗದಂತೆ ಒಡೆಯುವುದು ಹೇಗೆ ಎಂಬ ಪ್ರಶ್ನೆಗೆ ತಾತ್ವಿಕ ಉತ್ತರ ದೊರೆತದ್ದು 1983ರಲ್ಲಿ. ಅಮೆರಿಕದ ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯವಿಜ್ಞಾನಿಗಳು ಆ ವರ್ಷ ಎರಡು ನಿಯಮಗಳನ್ನು ಮುಂದಿಟ್ಟರು. ಒಂದು, ಗುರಿಯಾಗಿರುವ ಬಣ್ಣ ಹೆಚ್ಚಾಗಿ ಹೀರಿಕೊಳ್ಳುವ, ಸುತ್ತಲಿನ ಚರ್ಮ ಕಡಿಮೆ ಹೀರಿಕೊಳ್ಳುವ ತರಂಗದ ಬೆಳಕನ್ನು ಆರಿಸಿಕೊಳ್ಳಬೇಕು. ಎರಡು, ಕಾದ ಕಣ ತನ್ನ ಬಿಸಿಯನ್ನು ನೆರೆಯ ಅಂಗಾಂಶಕ್ಕೆ ದಾಟಿಸುವಷ್ಟರೊಳಗೆ ಬೆಳಕು ನಿಂತುಬಿಡಬೇಕು. ಕಾದ ಕಾವಲಿಗೆ ಬೆರಳು ತಾಕಿಸಿ ಚಟ್ಟನೆ ತೆಗೆದವರಿಗೂ ಅದರ ಮೇಲೆ ಬೆರಳಿಟ್ಟುಕೊಂಡು ನಿಂತವರಿಗೂ ಇರುವ ವ್ಯತ್ಯಾಸವೇ ಇಲ್ಲಿಯದು. ಹಚ್ಚೆಯ ಕಣ ಅತಿ ಚಿಕ್ಕದಾದ ಕಾರಣ ಅದಕ್ಕೆ ಸಿಗುವ ಅವಧಿ ನ್ಯಾನೊಸೆಕೆಂಡುಗಳಷ್ಟು, ಅಂದರೆ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಲೆಕ್ಕದಲ್ಲಿ. ಕ್ಯೂ-ಸ್ವಿಚ್ಡ್ ಎಂದು ಕರೆಯಲಾಗುವ ಲೇಸರ್‌ಗಳು ಇಷ್ಟು ಚಿಕ್ಕ ಮಿಡಿತದಲ್ಲಿ ಬೆಳಕನ್ನು ಹೊಮ್ಮಿಸುತ್ತವೆ. ಅಷ್ಟು ವೇಗವಾಗಿ ಕಾದ ಕಣ ಒಮ್ಮೆಲೇ ಹಿಗ್ಗಿ, ಆಘಾತದ ಅಲೆಯೆಬ್ಬಿಸಿ ಚೂರಾಗುತ್ತದೆ; ಶಾಯಿ ಸುಡುವುದಕ್ಕಿಂತ ಸಿಡಿಯುತ್ತದೆ ಎನ್ನುವುದೇ ಸರಿ. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಿಂದ ಹಚ್ಚೆ ಅಳಿಸುವ ಮೊದಲ ಪಿಕೊಸೆಕೆಂಡ್ ಯಂತ್ರಕ್ಕೆ ಅನುಮತಿ ಸಿಕ್ಕಿತು. ಒಂದು ನ್ಯಾನೊಸೆಕೆಂಡಿನಲ್ಲಿ ಸಾವಿರ ಪಿಕೊಸೆಕೆಂಡುಗಳಿರುವುದರಿಂದ ಈ ಯಂತ್ರಗಳ ಮಿಡಿತ ಇನ್ನೂ ಚಿಕ್ಕದು, ಸಿಡಿತ ಇನ್ನೂ ಚುರುಕು.

ಒಡೆದ ಚೂರುಗಳ ಗತಿಯೇನು? ಕೆಲವು ಚೂರುಗಳು ಹಕ್ಕಳೆಯ ಜೊತೆ ಉದುರಿಹೋಗುತ್ತವೆ. ಉಳಿದವನ್ನು ಹೊಸ ಭಕ್ಷಕ ಕೋಶಗಳು ಎತ್ತಿಕೊಂಡು ದುಗ್ಧರಸನಾಳಗಳ (ಲಿಂಫ್ ನಾಳಗಳ) ಮೂಲಕ ಸಾಗಿಸುತ್ತವೆ. ಅವುಗಳಲ್ಲಿ ಒಂದು ಪಾಲು ಕಂಕುಳು ಅಥವಾ ತೊಡೆಸಂದಿನ ದುಗ್ಧಗ್ರಂಥಿಗಳಲ್ಲಿ ಹೋಗಿ ನಿಲ್ಲುತ್ತದೆ. ಹಚ್ಚೆ ಹಾಕಿಸಿಕೊಂಡವರ ದುಗ್ಧಗ್ರಂಥಿಗಳಲ್ಲಿ ಶಾಯಿಯ ಬಣ್ಣ ಕಾಣಸಿಗುವುದು ಶಸ್ತ್ರವೈದ್ಯರಿಗೆ ಹೊಸತೇನಲ್ಲ. ಸಾಗಿಸಲಾಗದೆ ಉಳಿದ ಕಣಗಳನ್ನು ಅಲ್ಲಿಯ ಕೋಶಗಳು ಮತ್ತೆ ನುಂಗಿ ಕೂರುತ್ತವೆ, ಮುಂದಿನ ಸಿಟ್ಟಿಂಗಿನಲ್ಲಿ ಅವನ್ನೇ ಮತ್ತೆ ಒಡೆಯಬೇಕಾಗುತ್ತದೆ. ಒಂದೇ ದಿನದಲ್ಲಿ ಕೆಲಸ ಮುಗಿಯದಿರುವುದಕ್ಕೆ ಕಾರಣ ಇದು.

ಮೊದಲ ಹೆಜ್ಜೆ: ನಿಮ್ಮ ಹಚ್ಚೆಯ ಲೆಕ್ಕ ಹಾಕಿ

ಕ್ಲಿನಿಕ್ಕಿಗೆ ಹೋಗುವ ಮೊದಲೇ ಬೆಳಕಿರುವ ಕಿಟಕಿಯ ಬಳಿ ನಿಂತು ಹಚ್ಚೆಯನ್ನು ಸಾವಧಾನವಾಗಿ ನೋಡಿ. ಎಷ್ಟು ಸಿಟ್ಟಿಂಗ್ ಬೇಕಾದೀತೆಂದು ಅಂದಾಜು ಮಾಡಲು ಕರ್ಬಿ ಮತ್ತು ದೇಸಾಯಿ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳ ಜೊತೆಗೂಡಿ 2009ರಲ್ಲಿ ಒಂದು ಅಂಕಪಟ್ಟಿಯನ್ನು ಸಿದ್ಧಪಡಿಸಿದರು. ಅದರಲ್ಲಿ ಆರು ಅಂಶಗಳಿವೆ: ಚರ್ಮದ ಬಣ್ಣ, ಹಚ್ಚೆಯಿರುವ ಜಾಗ, ಶಾಯಿಯ ಬಣ್ಣಗಳು, ಶಾಯಿಯ ಪ್ರಮಾಣ, ಹಚ್ಚೆ ಹಾಕುವಾಗಲೇ ಆದ ಗಾಯದ ಕಲೆ, ಹಳೆಯ ಚಿತ್ರದ ಮೇಲೆ ಹೊಸ ಚಿತ್ರ ಬರೆಸಿದ್ದೀರೋ ಎಂಬುದು.

ಇವುಗಳ ಪೈಕಿ ಜಾಗದ ಮಹತ್ವವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕುತ್ತಿಗೆ, ಎದೆ, ಬೆನ್ನಿನ ಮೇಲ್ಭಾಗಗಳಲ್ಲಿ ರಕ್ತ ಮತ್ತು ದುಗ್ಧರಸದ ಹರಿವು ಚೆನ್ನಾಗಿರುವುದರಿಂದ ಅಲ್ಲಿಯ ಹಚ್ಚೆ ಬೇಗ ಮಸುಕಾಗುತ್ತದೆ; ಕೈಬೆರಳು, ಪಾದದ ಗಂಟುಗಳಲ್ಲಿ ಅದೇ ಶಾಯಿ ಹಟ ಹಿಡಿದು ಕೂರುತ್ತದೆ. ಊರಿನಲ್ಲಿ ಕಾಡಿಗೆಯಂಥ ಮಸಿಯಿಂದ ಕೈಯಲ್ಲೇ ಚುಚ್ಚಿದ ಹಳೆಯ ಹಚ್ಚೆಯಲ್ಲಿ ಶಾಯಿ ಕಡಿಮೆ, ಬಣ್ಣ ಬರಿಯ ಕಪ್ಪು. ಹಾಗಾಗಿ ಅದು ಸ್ಟುಡಿಯೊದಲ್ಲಿ ಯಂತ್ರದಿಂದ ತುಂಬಿಸಿದ ದಟ್ಟ ಚಿತ್ರಕ್ಕಿಂತ ಬೇಗ ಹೋಗುವುದು ಸಾಮಾನ್ಯ. ಆದರೆ ಚುಚ್ಚಿದಾಗ ಆದ ಗಂಟುಗಂಟಾದ ಗಾಯದ ಗುರುತನ್ನು ಲೇಸರ್ ತೆಗೆಯುವುದಿಲ್ಲ. ಬಣ್ಣ ಹೋದ ಮೇಲೆ ಅದು ಇನ್ನಷ್ಟು ಎದ್ದು ಕಾಣಲೂಬಹುದು. ಹಿರಿಯಮ್ಮನ ಮುಂಗೈಯ ರಂಗೋಲಿ ಚುಕ್ಕಿಗಳನ್ನು ತೆಗೆಸಲು ಮೊಮ್ಮಕ್ಕಳು ಹೊರಟಿದ್ದರೆ, ಅದು ಅವರಿಗೇ ಬೇಕಾಗಿದೆಯೇ ಎಂದು ಅವರನ್ನು ಒಮ್ಮೆ ಕೇಳುವುದೊಳಿತು.

ಬಣ್ಣಗಳ ವಿಷಯದಲ್ಲಿ ಕಪ್ಪು ಎಲ್ಲಕ್ಕಿಂತ ಸುಲಭ, ಏಕೆಂದರೆ ಅದು ಎಲ್ಲ ತರಂಗಗಳನ್ನೂ ಹೀರಿಕೊಳ್ಳುತ್ತದೆ. ಕೆಂಪು ಮತ್ತು ಕಿತ್ತಳೆಗೆ 532 ನ್ಯಾನೊಮೀಟರ್ ಉದ್ದದ ತರಂಗವಿರುವ ಹಸಿರು ಬೆಳಕು ಬೇಕು, ಹಸಿರು ಮತ್ತು ನೀಲಿಗೆ 694 ಅಥವಾ 755 ನ್ಯಾನೊಮೀಟರಿನ ಬೆಳಕು ಬೇಕು. ಹಳದಿ ಹಟಮಾರಿ. ಬಿಳಿ ಮತ್ತು ಚರ್ಮದ ಬಣ್ಣದ ಶಾಯಿಗಳು ಹಟಮಾರಿಗಳಷ್ಟೇ ಅಲ್ಲ, ಅಪಾಯಕಾರಿಗಳೂ ಹೌದು: ಅವುಗಳಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಲೇಸರ್ ತಗುಲಿದೊಡನೆ ರಾಸಾಯನಿಕವಾಗಿ ಬದಲಾಗಿ ಕಪ್ಪಾಗಬಹುದು. ಹುಬ್ಬು, ತುಟಿಗಳಿಗೆ ಮಾಡಿಸಿದ ಶಾಶ್ವತ ಮೇಕಪ್ಪಿನಲ್ಲಿ ಇಂಥ ಶಾಯಿಗಳೇ ಹೆಚ್ಚಾಗಿ ಬಳಕೆಯಾಗುವುದರಿಂದ, ಬ್ಯೂಟಿ ಪಾರ್ಲರಿನಲ್ಲಿ ತುಟಿಗೆ ಬಣ್ಣ ತುಂಬಿಸಿಕೊಂಡವರು ಅದನ್ನು ತೆಗೆಸಲು ಹೋಗಿ ಕಪ್ಪು ತುಟಿಯೊಂದಿಗೆ ಮರಳುವ ಸಂಭವವಿದೆ. ಅಂಥವರು ಕಣ್ಣಿಗೆ ಬೀಳದ ಸಾಸಿವೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿಸದೆ ಮುಂದುವರಿಯಕೂಡದು.

ಕಾಲದ ಲೆಕ್ಕಕ್ಕೆ ಬರೋಣ. ಇಟಲಿಯ ವೈದ್ಯರು 352 ಜನರ ಚಿಕಿತ್ಸೆಯನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕ್ಯೂ-ಸ್ವಿಚ್ಡ್ ಲೇಸರ್‌ನಿಂದ 10 ಸಿಟ್ಟಿಂಗ್‌ಗಳೊಳಗೆ ಹಚ್ಚೆ ಯಶಸ್ವಿಯಾಗಿ ಅಳಿದದ್ದು ಶೇ. 47ರಷ್ಟು ಮಂದಿಗೆ, 15ರೊಳಗೆ ಶೇ. 75ರಷ್ಟು ಮಂದಿಗೆ. ಧೂಮಪಾನಿಗಳಲ್ಲಿ, ಕಾಲಿನ ಹಚ್ಚೆಗಳಲ್ಲಿ, 30 ಚದರ ಸೆಂಟಿಮೀಟರಿಗಿಂತ ದೊಡ್ಡ ಚಿತ್ರಗಳಲ್ಲಿ ಫಲ ಕಡಿಮೆಯಿತ್ತು. ಎಂಟು ವಾರ ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸಿಟ್ಟಿಂಗ್ ಮಾಡಿಸಿಕೊಂಡವರಲ್ಲಿಯೂ ಕಡಿಮೆಯಿತ್ತು. ಹತ್ತು ಸಿಟ್ಟಿಂಗನ್ನು ಎರಡೆರಡು ತಿಂಗಳಿಗೊಮ್ಮೆ ಹಂಚಿದರೆ ಹದಿನೆಂಟು ತಿಂಗಳಾಯಿತು ಎಂಬ ಸರಳ ಗುಣಾಕಾರವನ್ನು ಯಾವ ಜಾಹೀರಾತೂ ಮಾಡಿ ತೋರಿಸುವುದಿಲ್ಲ.

ನೇಮಕಾತಿಗೆ ಹೋಗುವ ಹುಡುಗರಿಗೆ ಈ ಗುಣಾಕಾರ ಬಹಳ ಮುಖ್ಯ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಅಧಿಸೂಚನೆಗಳಲ್ಲಿ ಮುಂಗೈಯ ಒಳಭಾಗದ ಹಚ್ಚೆಗೆ ಅವಕಾಶವಿರುವುದು ಎಡಗೈಗೆ ಮಾತ್ರ, ಏಕೆಂದರೆ ಅದು ಸೆಲ್ಯೂಟ್ ಹೊಡೆಯುವ ಕೈಯಲ್ಲ; ಗಾತ್ರವೂ ಆ ಭಾಗದ ಕಾಲು ಪಾಲಿಗಿಂತ ಕಡಿಮೆಯಿರಬೇಕು, ಚಿತ್ರವು ಧಾರ್ಮಿಕ ಚಿಹ್ನೆಯೋ ಹೆಸರೋ ಆಗಿರಬೇಕು. ಭೂಸೇನೆಯ ನಿಯಮವೂ ಮುಂಗೈಯ ಒಳಭಾಗ ಮತ್ತು ಹಸ್ತದ ಹಿಂಭಾಗಕ್ಕೆ ಸೀಮಿತವಾದುದು. ಆದ್ದರಿಂದ ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಮೊದಲು ಪೂರ್ತಿ ಓದಿ. ನಿಮ್ಮ ಹಚ್ಚೆಗೆ ವಿನಾಯಿತಿಯಿದ್ದರೆ ಚರ್ಮವನ್ನು ಸುಮ್ಮನೆ ಹಿಂಸಿಸುವ ಅಗತ್ಯವಿಲ್ಲ. ವಿನಾಯಿತಿಯಿಲ್ಲದಿದ್ದರೆ ವೈದ್ಯಕೀಯ ಪರೀಕ್ಷೆಗೆ ಮೂರು ತಿಂಗಳಿರುವಾಗ ಎಚ್ಚೆತ್ತುಕೊಂಡು ಪ್ರಯೋಜನವಿಲ್ಲ. ಅವಸರದಲ್ಲಿ ಮಾಡಿಸಿದ ಚಿಕಿತ್ಸೆಯಿಂದ ಉಬ್ಬಿದ ಗಾಯದ ಕಲೆ ಉಳಿದರೆ ವೈದ್ಯಕೀಯ ಮಂಡಳಿಯ ಕಣ್ಣು ಅದರ ಮೇಲೂ ಬೀಳುತ್ತದೆ.

ಎರಡನೆಯ ಹೆಜ್ಜೆ: ವೈದ್ಯರು ಮತ್ತು ಯಂತ್ರ

ಲೇಸರ್ ಹಿಡಿಯುವವರು ಚರ್ಮವೈದ್ಯರಾಗಿರಬೇಕು, ಅಂದರೆ ಎಂಬಿಬಿಎಸ್ ನಂತರ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಪಡೆದವರಾಗಿರಬೇಕು. ಮಹಾರಾಷ್ಟ್ರದಲ್ಲಿ ವೃತ್ತಿ ನಡೆಸುವ ಅಲೋಪತಿ ವೈದ್ಯರಿಗೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇರುತ್ತದೆ. ಔಷಧ ಚೀಟಿಯ ಮೇಲೆ ಅದು ಮುದ್ರಿತವಾಗಿರುತ್ತದೆ, ಕೇಳುವುದರಲ್ಲಿ ಸಂಕೋಚವೇನೂ ಬೇಡ. ಫಲಕದಲ್ಲಿ ಡಾಕ್ಟರರ ಹೆಸರಿದ್ದು ಒಳಗೆ ಯಂತ್ರವನ್ನು ಇನ್ನಾರೋ ನಡೆಸುವ ಪದ್ಧತಿಯೂ ಇರುವುದರಿಂದ, ನನ್ನ ಸಿಟ್ಟಿಂಗ್ ಯಾರು ಮಾಡುತ್ತಾರೆ ಎಂದು ನೇರವಾಗಿ ಕೇಳಿ. ಮೊದಲ ಅಭಿಪ್ರಾಯಕ್ಕೆ ಪರೇಲಿನ ಕೆಇಎಂ, ಸಯನ್, ನಾಯರ್‌ನಂಥ ಸಾರ್ವಜನಿಕ ಆಸ್ಪತ್ರೆಗಳ ಚರ್ಮರೋಗ ಹೊರರೋಗಿ ವಿಭಾಗಗಳಿಗೆ ಹೋಗಬಹುದು, ಪುಣೆಯವರಿಗೆ ಸಸೂನ್ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ ಸಾಲಿನಲ್ಲಿ ಕೂರುವ ತಾಳ್ಮೆಯಿದ್ದರೆ, ನಿಮಗೆ ಪ್ಯಾಕೇಜ್ ಮಾರುವ ಆಸಕ್ತಿಯಿಲ್ಲದ ವೈದ್ಯರ ಮಾತನ್ನು ಅಲ್ಲಿ ಕೇಳಬಹುದು.

ಯಂತ್ರದ ವಿಷಯದಲ್ಲಿ ಕಂಪನಿಯ ಹೆಸರಿಗಿಂತ ಮುಖ್ಯವಾದ ಪ್ರಶ್ನೆಗಳು ಎರಡು: ತರಂಗ ಯಾವುದು, ಮಿಡಿತದ ಅವಧಿ ಎಷ್ಟು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕನ್ನು ಹೀರಿಕೊಳ್ಳುತ್ತದೆ, ಅದು ಮೇಲ್ಚರ್ಮದಲ್ಲಿ ಇರುವುದರಿಂದ ಬೆಳಕು ಮೊದಲು ಎದುರಾಗುವುದು ಅದಕ್ಕೇ. ಅಮೆರಿಕದ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣದಲ್ಲಿ ಈಗ ಆರು ವರ್ಗಗಳಿದ್ದು, ನಮ್ಮಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೆಯ ವರ್ಗಕ್ಕೆ ಸೇರುತ್ತೇವೆ. ತರಂಗ ಉದ್ದವಾದಷ್ಟೂ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಬೆಳಕು ಹೆಚ್ಚು ಆಳಕ್ಕೂ ಇಳಿಯುತ್ತದೆ. ಆದಕಾರಣ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಕಂದು ಚರ್ಮದ ಕಪ್ಪು ಹಚ್ಚೆಗೆ ಎಲ್ಲಕ್ಕಿಂತ ಸುರಕ್ಷಿತ. 694ರ ರೂಬಿ ಲೇಸರ್ ಬಿಳಿಯ ಚರ್ಮದವರಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ನಮ್ಮಲ್ಲಿ ಹಚ್ಚೆಯ ಜೊತೆಗೆ ಚರ್ಮದ ಸ್ವಂತ ಬಣ್ಣವನ್ನೂ ಅಳಿಸಿ, ಚಿತ್ರದ ಆಕಾರದಲ್ಲಿಯೇ ಬಿಳಿ ಮಚ್ಚೆ ಉಳಿಸುವ ಅಪಾಯ ಹೆಚ್ಚು. 532ರ ಬೆಳಕನ್ನು ಕೆಂಪು ಶಾಯಿಗೆಂದು ಬಳಸುವಾಗಲೂ ಇದೇ ಎಚ್ಚರ ಬೇಕು. ವಿದೇಶದಲ್ಲಿರುವ ನೆಂಟರಿಗೆ ಆರು ಸಿಟ್ಟಿಂಗಿನಲ್ಲಿ ಹೋದದ್ದು ನಮಗೇಕೆ ಹತ್ತು ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ: ಕಂದು ಚರ್ಮದಲ್ಲಿ ವೈದ್ಯರು ಶಕ್ತಿಯನ್ನು ಬೇಕೆಂದೇ ತಗ್ಗಿಸಿಟ್ಟು ನಿಧಾನವಾಗಿ ಸಾಗುತ್ತಾರೆ, ಸಾಗಬೇಕು ಕೂಡ.

ಪಿಕೊ ಯಂತ್ರ ಕೆಲವು ಬಣ್ಣಗಳಲ್ಲಿ, ಅದರಲ್ಲೂ ಹಸಿರು ನೀಲಿಗಳಲ್ಲಿ, ಸಿಟ್ಟಿಂಗ್‌ಗಳನ್ನು ಕಡಿಮೆ ಮಾಡಬಲ್ಲದು. ಬರಿಯ ಕಪ್ಪು ಹಚ್ಚೆಯಿರುವವರು ಅದಕ್ಕಾಗಿ ಸಾಲ ಮಾಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಅನುಭವಿ ಕೈಯಲ್ಲಿರುವ ಹಳೆಯ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಅವರಿಗೆ ಸಾಕು. ಆದರೆ ಲೇಸರ್ ಅಲ್ಲದ, ಹಲವು ತರಂಗಗಳ ಬೆಳಕನ್ನು ಒಟ್ಟಿಗೆ ಹೊಮ್ಮಿಸುವ ಐಪಿಎಲ್ ಎಂಬ ಯಂತ್ರದಿಂದಲೋ ಕೂದಲು ತೆಗೆಯುವ ಲೇಸರ್‌ನಿಂದಲೋ ಹಚ್ಚೆ ತೆಗೆಯುತ್ತೇವೆಂದು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವುಗಳ ಮಿಡಿತ ಮಿಲಿಸೆಕೆಂಡುಗಳದ್ದು, ಅಂದರೆ ಇಲ್ಲಿ ಬೇಕಾದುದಕ್ಕಿಂತ ಲಕ್ಷಾಂತರ ಪಟ್ಟು ದೀರ್ಘ. ಶಾಯಿಯ ಬಿಸಿ ಸುತ್ತಲೂ ಹರಡಿ ಚರ್ಮ ಬೇಯುತ್ತದೆ, ಕಲೆ ಶಾಶ್ವತವಾಗುತ್ತದೆ. ಆನ್‌ಲೈನಿನಲ್ಲಿ ಸಿಗುವ ಕ್ರೀಮುಗಳು ಒಳಚರ್ಮವನ್ನು ಮುಟ್ಟುವುದೇ ಇಲ್ಲ. ಮುಟ್ಟುವಂಥವು ಆಮ್ಲಗಳು, ಅವು ಮೊದಲು ಸುಡುತ್ತವೆ. ಉಪ್ಪು ಹಾಕಿ ಉಜ್ಜುವುದು, ಮರಾಠಿಯವರು ಬಿಬ್ಬಾ ಎನ್ನುವ ಕೇರುಬೀಜದ ಎಣ್ಣೆ ಹಚ್ಚುವುದು ಮುಂತಾದ ನಾಟಿ ಉಪಾಯಗಳೂ ಅಷ್ಟೆ. ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಆ ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಕ್ಕೆಯೆದ್ದು ಕರಕಲಾಗುತ್ತದೆ.

ಮೂರನೆಯ ಹೆಜ್ಜೆ: ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಗಳು

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಹೇಳಿ. ನಿಮ್ಮಲ್ಲಿ ಅಥವಾ ಮನೆಯವರಲ್ಲಿ ಕಿವಿ ಚುಚ್ಚಿದ ಜಾಗದಲ್ಲಿಯೋ ಲಸಿಕೆ ಹಾಕಿದ ಜಾಗದಲ್ಲಿಯೋ ಗಂಟಿನಂತೆ ಬೆಳೆದ ಕಲೆ, ಅಂದರೆ ಕೆಲಾಯ್ಡ್ ಇದ್ದರೆ ಹೇಳಿ. ತೊನ್ನು ಮತ್ತು ಸೋರಿಯಾಸಿಸ್ ಇರುವವರಲ್ಲಿ ಲೇಸರ್ ತಗುಲಿದ ಜಾಗದಲ್ಲಿಯೇ ಆ ರೋಗ ಹೊಸದಾಗಿ ಕಾಣಿಸಿಕೊಳ್ಳಬಹುದು. ಸಂಧಿವಾತಕ್ಕೆ ಹಿಂದೆ ಚಿನ್ನದ ಲವಣದ ಚುಚ್ಚುಮದ್ದು ಪಡೆದವರಿಗೆ, ಅದು ಎಷ್ಟೇ ಹಳೆಯದಾಗಿದ್ದರೂ, ಕ್ಯೂ-ಸ್ವಿಚ್ಡ್ ಲೇಸರ್ ತಗುಲಿದ ಚರ್ಮ ನೀಲಿಗಪ್ಪಾಗಿಬಿಡುತ್ತದೆ. ಐವತ್ತು ದಾಟಿದವರು ಇದನ್ನು ನೆನಪಿಸಿಕೊಂಡು ಹೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ, ಗರ್ಭಿಣಿಯರು ಹೆರಿಗೆಯ ನಂತರಕ್ಕೆ ಮುಂದೂಡಲಿ.

ಹಚ್ಚೆಯ ಕೆಂಪು ಭಾಗ ಮಾತ್ರ ಉಬ್ಬಿಕೊಂಡು ತುರಿಸುತ್ತಿದ್ದರೆ ಅದು ಶಾಯಿಯ ಅಲರ್ಜಿ. ಇಂಥ ಹಚ್ಚೆಯ ಮೇಲೆ ಲೇಸರ್ ಹೊಡೆದರೆ ಅಲರ್ಜಿಯ ಕಣಗಳು ಚೂರಾಗಿ ದೇಹದಲ್ಲೆಲ್ಲ ಹರಡುತ್ತವೆ. ಮೈಯೆಲ್ಲ ದದ್ದು, ಅಪರೂಪಕ್ಕೆ ಉಸಿರು ಕಟ್ಟುವಂಥ ಪ್ರತಿಕ್ರಿಯೆಯೂ ಆದೀತು. ಹಚ್ಚೆಯೊಳಗೆ ಅಥವಾ ಅಂಚಿನಲ್ಲಿ ಮಚ್ಚೆಯಿದ್ದರೆ ಅದರ ಮೇಲೆ ಲೇಸರ್ ಬೀಳಬಾರದು. ಮಚ್ಚೆಯಲ್ಲಾಗುವ ಬದಲಾವಣೆಗಳು ಕ್ಯಾನ್ಸರಿನ ಸುಳಿವು ಕೊಡಬಲ್ಲವು, ಲೇಸರ್ ಆ ಸುಳಿವನ್ನು ಅಳಿಸಿಹಾಕುತ್ತದೆ.

ನಾಲ್ಕನೆಯ ಹೆಜ್ಜೆ: ಪರೀಕ್ಷಾ ಚುಕ್ಕೆ

ಮೊದಲ ದಿನವೇ ಪೂರ್ತಿ ಹಚ್ಚೆಗೆ ಲೇಸರ್ ಬೇಡ. ಒಂದು ಮೂಲೆಯಲ್ಲಿ ಚಿಕ್ಕ ಜಾಗಕ್ಕೆ ಕೊಟ್ಟು, ನಾಲ್ಕರಿಂದ ಆರು ವಾರ ಕಾದು, ಅಲ್ಲಿ ಕಪ್ಪೋ ಬಿಳಿಯೋ ಮಚ್ಚೆ ಉಳಿಯುತ್ತದೆಯೇ ಎಂದು ನೋಡಿ ಮುಂದುವರಿಯುವುದು ಕಂದು ಚರ್ಮಕ್ಕೆ ಯೋಗ್ಯ ಕ್ರಮ. ಆರಂಭದಲ್ಲೇ ಇಡೀ ಪ್ಯಾಕೇಜಿನ ಹಣ ಕಟ್ಟಬೇಡಿ. ದರವನ್ನು ಕೆಲವರು ಸಿಟ್ಟಿಂಗಿಗೆ ಇಷ್ಟೆಂದು, ಕೆಲವರು ಚದರ ಇಂಚಿಗೆ ಇಷ್ಟೆಂದು ಹೇಳುತ್ತಾರೆ. ಸ್ಕೇಲು ಹಿಡಿದು ಹಚ್ಚೆಯನ್ನು ಅಳೆದುಕೊಂಡು ಹೋದರೆ ಎರಡು ಕ್ಲಿನಿಕ್ಕುಗಳ ದರವನ್ನು ಹೋಲಿಸಲು ಬರುತ್ತದೆ.

ಐದನೆಯ ಹೆಜ್ಜೆ: ಸಿಟ್ಟಿಂಗಿನ ದಿನ

ಹಿಂದಿನ ದಿನ ಆ ಜಾಗದ ಕೂದಲನ್ನು ಬೋಳಿಸಿಕೊಳ್ಳಿ, ಏಕೆಂದರೆ ಕೂದಲೂ ಬೆಳಕನ್ನು ಹೀರಿ ಸುಡುತ್ತದೆ. ಬಳೆ, ಉಂಗುರ, ವಾಚುಗಳಂಥ ಹೊಳೆಯುವ ವಸ್ತುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಅವನ್ನು ತೆಗೆದಿಡಬೇಕು. ಕೊಠಡಿಯಲ್ಲಿ ಇರುವವರೆಲ್ಲರೂ, ಜೊತೆಗೆ ಬಂದವರೂ ಸೇರಿದಂತೆ, ಆ ತರಂಗಕ್ಕೆಂದೇ ತಯಾರಾದ ಕನ್ನಡಕ ಧರಿಸಬೇಕು. 1064ರ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಅಕ್ಷಿಪಟಲವನ್ನು ಮಾತ್ರ ಕ್ಷಣಾರ್ಧದಲ್ಲಿ ಸುಡಬಲ್ಲದು. ಮಾಮೂಲಿ ಕಪ್ಪು ಕನ್ನಡಕ ಇದಕ್ಕೆ ಏನೇನೂ ಸಾಲದು. ಹುಬ್ಬಿನ ಹಚ್ಚೆಗೆ ಕಣ್ಣಿನ ಮೇಲೆ ಲೋಹದ ಕವಚವನ್ನಿಡುತ್ತಾರೆ.

ನೋವು ಇದ್ದೇ ಇರುತ್ತದೆ. ಲಿಡೊಕೇಯ್ನ್ ಮತ್ತು ಪ್ರಿಲೊಕೇಯ್ನ್ ಬೆರೆತ ಮರಗಟ್ಟಿಸುವ ಕ್ರೀಮನ್ನು ದಪ್ಪವಾಗಿ ಹಚ್ಚಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಸುಮಾರು ಒಂದು ಗಂಟೆ ಕೂರಿಸುತ್ತಾರೆ. ನೋವಿಗೆ ಹೆದರಿ ಇದೇ ಕ್ರೀಮನ್ನು ಮನೆಯಲ್ಲಿಯೇ ಇಡೀ ಬೆನ್ನಿಗೆ ಬಳಿದುಕೊಂಡು ಬರುವುದು ಅಪಾಯ. ಹೆಚ್ಚಾದರೆ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಕ್ರೀಮನ್ನು ಪೂರ್ತಿ ಒರೆಸಿ, ಸ್ಪಿರಿಟ್ ಬಳಸಿದ್ದರೆ ಅದು ಆರಿದ ಮೇಲೆಯೇ ಲೇಸರ್ ಆರಂಭವಾಗಬೇಕು.

ಆಮೇಲಿನದು ಕೆಲವೇ ನಿಮಿಷಗಳ ಕೆಲಸ. ಟಕ್ ಟಕ್ ಎಂಬ ಸದ್ದು, ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟಂಥ ಚುರುಕು, ಕೂದಲು ಸೀದ ವಾಸನೆ. ಬೆಳಕು ಬಿದ್ದ ಕಡೆಯೆಲ್ಲ ಕಪ್ಪು ಗೆರೆ ಕಣ್ಣೆದುರೇ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಹಚ್ಚೆ ಹೋಗಿಯೇಬಿಟ್ಟಿತೆಂದು ಸಂತೋಷಪಡಬೇಡಿ: ಬಿಸಿಯಿಂದ ಒಳಗೆ ಹುಟ್ಟಿದ ಅನಿಲದ ಗುಳ್ಳೆಗಳು ಬೆಳಕನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ, ಇಪ್ಪತ್ತು ನಿಮಿಷದ ಹೊತ್ತಿಗೆ ಬಿಳುಪು ಇಳಿದು ಚಿತ್ರ ಮರಳಿ ಬರುತ್ತದೆ. ಈ ಬಿಳುಪು ವೈದ್ಯರಿಗೆ ಅಳತೆಗೋಲು ಇದ್ದಂತೆ. ಅದು ಹದವಾಗಿ ಮೂಡಿದರೆ ಶಕ್ತಿ ಸರಿಯಿದೆ ಎಂದರ್ಥ, ರಕ್ತ ಚಿಮ್ಮಿದರೆ ಹೆಚ್ಚಾಯಿತು ಎಂದರ್ಥ. ಹೆಚ್ಚು ಕೊಡಿ ಡಾಕ್ಟರೇ, ನಾನು ತಡೆದುಕೊಳ್ಳುತ್ತೇನೆ ಎಂದು ಧೈರ್ಯ ತೋರಿಸುವವರು, ತಡೆದುಕೊಳ್ಳಬೇಕಾದದ್ದು ಚರ್ಮವೇ ಹೊರತು ಮನಸ್ಸಲ್ಲ ಎಂಬುದನ್ನು ಮರೆಯುತ್ತಾರೆ. ಬಿಳುಪು ಇಳಿಯುವವರೆಗೆ ಬೆಳಕು ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ, ಒಂದೇ ದಿನ ಇಪ್ಪತ್ತು ನಿಮಿಷಗಳ ಅಂತರದಲ್ಲಿ ನಾಲ್ಕು ಸುತ್ತು ಕೊಡುವ ವಿಧಾನವನ್ನೂ ಕೆಲವು ವೈದ್ಯರು ಅನುಸರಿಸುತ್ತಾರೆ. ಕಂದು ಚರ್ಮದಲ್ಲಿ ಅದಕ್ಕೆ ಹೆಚ್ಚಿನ ಎಚ್ಚರ ಬೇಕು.

ಆರನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸಿನಿಂದ ತಂಪು ಕೊಡಿ. ಪೆಟ್ರೋಲಿಯಂ ಜೆಲ್ಲಿ ಅಥವಾ ವೈದ್ಯರು ಬರೆದುಕೊಟ್ಟ ಮುಲಾಮು ಹಚ್ಚಿ, ಅಂಟಿಕೊಳ್ಳದ ಬ್ಯಾಂಡೇಜಿನಿಂದ ಮುಚ್ಚಿ. ನೀರುಗುಳ್ಳೆ ಏಳುವುದು ಸಾಮಾನ್ಯ, ಅದರೊಳಗಿನ ನೀರು ಕಪ್ಪಗಿದ್ದರೂ ಗಾಬರಿ ಬೇಡ. ಗುಳ್ಳೆಯ ಚರ್ಮವೇ ಗಾಯಕ್ಕೆ ಸಿಗುವ ಅತ್ಯುತ್ತಮ ಹೊದಿಕೆಯಾದ್ದರಿಂದ ಅದನ್ನು ಒಡೆಯಬಾರದು. ತೀರಾ ದೊಡ್ಡದಾಗಿದ್ದರೆ ವೈದ್ಯರು ಶುದ್ಧವಾದ ಸೂಜಿಯಿಂದ ನೀರು ತೆಗೆಯುತ್ತಾರೆ. ಹಕ್ಕಳೆಯನ್ನು ಕೀಳುವ ಅಭ್ಯಾಸವಿರುವವರು ಈ ಒಂದೆರಡು ವಾರ ಕೈಯನ್ನು ಹತೋಟಿಯಲ್ಲಿಡಬೇಕು, ಏಕೆಂದರೆ ಕಲೆಗಳಿಗೆ ಯಂತ್ರದಷ್ಟೇ ಉಗುರೂ ಕಾರಣ. ಅರಿಶಿನ, ಟೂತ್‌ಪೇಸ್ಟ್, ನೆರೆಮನೆಯವರು ಹೇಳಿದ ಎಣ್ಣೆ ಯಾವುದೂ ಬೇಡ.

ಮುಂಬೈಯ ಜೀವನಕ್ರಮ ಇಲ್ಲಿ ತುಸು ಅಡ್ಡಬರುತ್ತದೆ. ಬೆಳಗಿನ ಡೊಂಬಿವಲಿ ಲೋಕಲ್‌ನಲ್ಲಿ ಹಸಿ ಗಾಯವಿರುವ ತೋಳನ್ನು ಉಜ್ಜಾಟದಿಂದ ಉಳಿಸಿಕೊಳ್ಳುವುದು ಯಾರಿಂದಲೂ ಆಗದ ಮಾತು. ಹಾಗಾಗಿ ಶನಿವಾರದ ಸಿಟ್ಟಿಂಗ್ ಒಳ್ಳೆಯದು, ಭಾನುವಾರ ಮನೆಯಲ್ಲೇ ಕಳೆದು ಸೋಮವಾರ ಸಡಿಲವಾದ ಹತ್ತಿಯ ತುಂಬುತೋಳಿನ ಅಂಗಿ ತೊಟ್ಟು ಹೊರಡಬಹುದು. ಹೆಗಲ ಮೇಲಿನ ಹಚ್ಚೆಯಾದರೆ ಬ್ಯಾಗಿನ ಪಟ್ಟಿ ಇನ್ನೊಂದು ಹೆಗಲಿಗಿರಲಿ. ಮಳೆಗಾಲದಲ್ಲಿ ಒದ್ದೆಯಾದ ಬ್ಯಾಂಡೇಜನ್ನು ಸಂಜೆಯವರೆಗೆ ಹಾಗೆಯೇ ಬಿಟ್ಟರೆ ಸೋಂಕು ಖಂಡಿತ, ಬದಲಿ ಬ್ಯಾಂಡೇಜು ಚೀಲದಲ್ಲಿರಬೇಕು. ಗಾಯ ಪೂರ್ತಿ ಮಾಯುವವರೆಗೆ ಜಿಮ್, ಈಜುಕೊಳ, ಜುಹೂ ಅಥವಾ ಗೋವಾದ ಸಮುದ್ರಸ್ನಾನ ಬೇಡ. ಮಾಯ್ದ ಮೇಲೂ ತಿಂಗಳುಗಟ್ಟಲೆ ಆ ಜಾಗಕ್ಕೆ ಬಿಸಿಲು ತಾಗದಂತೆ ನೋಡಿಕೊಳ್ಳಿ, ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಬಳಸಿ. ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಮೆಲನಿನ್ ಹೆಚ್ಚು, ಆದ್ದರಿಂದ ಮುಂದಿನ ಸಿಟ್ಟಿಂಗಿನ ಅಪಾಯವೂ ಹೆಚ್ಚು.

ಕೀವು, ಜ್ವರ, ಸುತ್ತಲೂ ಹರಡುತ್ತಿರುವ ಕೆಂಪು, ದಿನೇ ದಿನೇ ಏರುತ್ತಿರುವ ನೋವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ವೈದ್ಯರ ಬಳಿ ಹೋಗಿ. ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕ್ಲಿನಿಕ್ಕಿಗೆ ಫೋನು ಮಾಡುತ್ತ ಕೂರದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಿ.

ಏಳನೆಯ ಹೆಜ್ಜೆ: ಕಾಯುವುದು, ಎಲ್ಲಿಗೆ ನಿಲ್ಲಿಸುವುದು

ಗಾಯ ಎರಡು ವಾರದಲ್ಲಿ ಮಾಯುತ್ತದೆ. ಆದರೆ ಒಡೆದ ಶಾಯಿಯನ್ನು ಭಕ್ಷಕ ಕೋಶಗಳು ತಿಂಗಳುಗಟ್ಟಲೆ ಸಾಗಿಸುತ್ತಲೇ ಇರುತ್ತವೆ. ಆರರಿಂದ ಎಂಟು ವಾರ ಎಂಬುದು ರೂಢಿಯಲ್ಲಿರುವ ಅಂತರ, ಕಂದು ಚರ್ಮಕ್ಕೆ ಅದಕ್ಕೂ ಹೆಚ್ಚು ಬಿಟ್ಟರೆ ನಷ್ಟವೇನಿಲ್ಲ, ಲಾಭವೇ ಇದೆ. ತಿಂಗಳಿಗೊಂದು ಸಿಟ್ಟಿಂಗ್ ಕಡ್ಡಾಯವೆನ್ನುವ ಪ್ಯಾಕೇಜು ಕ್ಲಿನಿಕ್ಕಿನ ಲೆಕ್ಕಪುಸ್ತಕಕ್ಕೆ ಹೊಂದಬಹುದು, ನಿಮ್ಮ ದೇಹದ ಲೆಕ್ಕಕ್ಕೆ ಹೊಂದುವುದಿಲ್ಲ. ಪ್ರತಿ ಸಲ ಅದೇ ಕಿಟಕಿಯ ಬಳಿ, ಅದೇ ಹೊತ್ತಿನ ಬೆಳಕಿನಲ್ಲಿ, ಅಷ್ಟೇ ದೂರದಿಂದ ಒಂದು ಫೋಟೊ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹಳೆಯ ಚಿತ್ರದ ಮೇಲೆ ಬೇರೆ ಚಿತ್ರ ಬರೆಸುವುದೇ ಉದ್ದೇಶವಾಗಿದ್ದರೆ ಪೂರ್ತಿ ಅಳಿಸುವ ಅಗತ್ಯವಿಲ್ಲ, ಕೆಲವು ಸಿಟ್ಟಿಂಗಿನಲ್ಲಿ ಮಸುಕುಮಾಡಿಸಿದರೆ ಸಾಕು. ಪೂರ್ತಿ ಅಳಿಸಬೇಕೆನ್ನುವವರಿಗೂ ಒಂದು ಹಂತ ಬರುತ್ತದೆ: ಸತತ ಎರಡು ಮೂರು ಸಿಟ್ಟಿಂಗ್‌ಗಳಲ್ಲಿ ಫೋಟೊಗಳ ನಡುವೆ ಬದಲಾವಣೆಯೇ ಕಾಣದಿದ್ದರೆ, ತರಂಗ ಬದಲಿಸಬೇಕೇ, ಪಿಕೊಗೆ ಹೋಗಬೇಕೇ, ಆರು ತಿಂಗಳು ಬಿಡುವು ಕೊಡಬೇಕೇ, ಇಷ್ಟಕ್ಕೇ ನಿಲ್ಲಿಸಬೇಕೇ ಎಂದು ವೈದ್ಯರೊಂದಿಗೆ ಕುಳಿತು ಮಾತನಾಡಿ. ಸ್ವಲ್ಪ ಮಸುಕು ಗೆರೆಯನ್ನು ಹಾಗೆಯೇ ಬಿಡುವುದು ಎಷ್ಟೋ ಸಲ ಜಾಣತನ, ಏಕೆಂದರೆ ಕೊನೆಯ ಶೇಕಡಾ ಐದರ ಬೆನ್ನುಹತ್ತಿ ಹೋದವರಿಗೆ ಶಾಶ್ವತ ಬಿಳಿ ಮಚ್ಚೆ ಉಳಿದೀತು. ಬಣ್ಣ ಹೆಚ್ಚಾದ ಕಪ್ಪು ಛಾಯೆ ತಿಂಗಳುಗಳಲ್ಲಿ ತಾನಾಗಿ ತಿಳಿಯಾಗುವುದುಂಟು, ಬಣ್ಣ ಕಳೆದುಕೊಂಡ ಬಿಳಿ ಜಾಗ ಮರಳಿ ತುಂಬಿಕೊಳ್ಳಲು ಬಹಳ ಕಾಲ ಬೇಕು, ಕೆಲವೊಮ್ಮೆ ತುಂಬಿಕೊಳ್ಳುವುದೂ ಇಲ್ಲ.

ಬಾಡಿಗೆ ಮನೆಯ ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಮುಗಿಯುವ ಈ ಊರಿನಲ್ಲಿ ಭಾಂಡುಪದವರು ವಿರಾರಿಗೆ, ಥಾಣೆಯವರು ಪುಣೆಗೆ ಹೋಗುವುದು ಇದ್ದದ್ದೇ. ಒಂದೂವರೆ ವರ್ಷದ ಚಿಕಿತ್ಸೆ ಒಬ್ಬರೇ ವೈದ್ಯರ ಬಳಿ ಮುಗಿಯುತ್ತದೆಂದು ಹೇಳಲಾಗದು. ಆದ್ದರಿಂದ ಪ್ರತಿ ಸಿಟ್ಟಿಂಗಿನ ದಿನಾಂಕ, ಬಳಸಿದ ಲೇಸರ್, ತರಂಗ, ಚುಕ್ಕೆಯ ಗಾತ್ರ, ಕೊಟ್ಟ ಶಕ್ತಿ, ಆನಂತರ ಗುಳ್ಳೆ ಎದ್ದಿತೇ ಎಂಬ ವಿವರಗಳನ್ನು ಕಾರ್ಡಿನಲ್ಲಿ ಬರೆಸಿ, ಸಹಿ ಹಾಕಿಸಿ, ಫೋಟೊಗಳ ಜೊತೆ ಇಟ್ಟುಕೊಳ್ಳಿ. ಕಾರ್ಡಿಲ್ಲದೆ ಹೋದರೆ ಹೊಸ ವೈದ್ಯರು ಮತ್ತೆ ಪರೀಕ್ಷಾ ಚುಕ್ಕೆಯಿಂದಲೇ ಆರಂಭಿಸಬೇಕಾಗುತ್ತದೆ.